ಕಡಲಿಗೆ ಕಿವಿಗೊಡುವ ಕ್ರಮ: ಸಮುದ್ರತಳ ಮತ್ತು ಕಡಲಜೀವಿಗಳ ಧ್ವನಿ ಅಧ್ಯಯನಕ್ಕೆ ಮಾರ್ಗದರ್ಶಿ

ನೀರಿನೊಳಗೆ ಬೆಳಕು ಬಹುದೂರ ಸಾಗುವುದಿಲ್ಲ. ತಿಳಿಯಾದ ತೆರೆದ ಸಾಗರದಲ್ಲಿಯೂ 200 ಮೀಟರ್ ಆಳ ದಾಟುವಷ್ಟರಲ್ಲಿ ಅದು ಬಹುತೇಕ ಬತ್ತಿಹೋಗಿರುತ್ತದೆ. ಇನ್ನು ಮಳೆಗಾಲದಲ್ಲಿ ನೇತ್ರಾವತಿಯ ಅಥವಾ ಕಾಳಿಯ ಅಳಿವೆಯ ಹೊರಗೆ ಮುಳುಗಿದವನಿಗೆ ಚಾಚಿದ ಕೈಯೇ ಕಾಣದಷ್ಟು ನೀರು ಕದಡಿರುತ್ತದೆ. ಶಬ್ದದ ಗುಣ ಇದಕ್ಕೆ ತದ್ವಿರುದ್ಧ. 1826ರಲ್ಲಿ ಕೊಲ್ಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ವಿಜ್ಞಾನಿಗಳು ಜಿನೀವಾ ಸರೋವರದ ಒಂದು ಬದಿಯಲ್ಲಿ ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣದಲ್ಲಿ ಮದ್ದು ಹೊತ್ತಿಸಿ, ಹದಿಮೂರು ಕಿಲೋಮೀಟರಿಗೂ ಹೆಚ್ಚು ಆಚೆಯ ದೋಣಿಯಲ್ಲಿ ಕುಳಿತು ಮಿಂಚಿಗೂ ಗಂಟೆಯ ದನಿಗೂ ನಡುವಿನ ಸಮಯವನ್ನು ಅಳೆದರು. ಅವರಿಗೆ ಸಿಕ್ಕ ವೇಗ ಸೆಕೆಂಡಿಗೆ 1,435 ಮೀಟರ್, ಅಂದರೆ ಗಾಳಿಯಲ್ಲಿನ ವೇಗದ ನಾಲ್ಕು ಪಟ್ಟಿಗೂ ಹೆಚ್ಚು. ಇಂದು ನಾವು ಸಮುದ್ರತಳವನ್ನು ಅಳೆಯುವುದೂ ತಿಮಿಂಗಿಲಗಳ ಹಾಡನ್ನು ಎಣಿಸುವುದೂ ಈ ಗುಣವನ್ನೇ ನೆಚ್ಚಿಕೊಂಡು.

ಈ ಬರಹವು ಸಂಶೋಧನಾ ಹಡಗುಗಳಲ್ಲಿ ಕೆಲಸ ಮಾಡುವವರಿಗಾಗಿ ಅಲ್ಲ. ಒಂದು ನಾಡದೋಣಿ, ಮೀನುಗಾರರು ಬಳಸುವಂಥ ಒಂದು ಫಿಶ್ ಫೈಂಡರ್, ಒಂದು ಹೈಡ್ರೋಫೋನ್ (ನೀರಿನೊಳಗಿನ ಮೈಕ್) ಮತ್ತು ಒಂದು ಲ್ಯಾಪ್‌ಟಾಪ್ ಹೊಂದಿಸಿಕೊಳ್ಳಬಲ್ಲ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಆಸಕ್ತರನ್ನು ಮನಸ್ಸಿನಲ್ಲಿಟ್ಟುಕೊಂಡು, ಮುಖ್ಯವಾಗಿ ನಮ್ಮ ಪಶ್ಚಿಮ ಕರಾವಳಿಯ 50 ಮೀಟರಿಗಿಂತ ಕಡಿಮೆ ಆಳದ ನೀರಿಗೆ ಅನ್ವಯಿಸುವಂತೆ ಇದನ್ನು ಬರೆಯಲಾಗಿದೆ.

ಮೊದಲು ಪ್ರಶ್ನೆ, ಆಮೇಲೆ ಉಪಕರಣ

ಧ್ವನಿಯಿಂದ ಕಡಲನ್ನು ಅರಿಯಲು ಎರಡು ದಾರಿಗಳಿವೆ. ನಾವೇ ಶಬ್ದವನ್ನು ಕಳುಹಿಸಿ ಅದರ ಮಾರ್ದನಿಯನ್ನು ಹಿಡಿಯುವುದು ಒಂದು. ಎಕೋಸೌಂಡರ್, ಫಿಶ್ ಫೈಂಡರ್, ಸೈಡ್‌ಸ್ಕ್ಯಾನ್ ಸೋನಾರ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ನಾವು ಸುಮ್ಮನಿದ್ದು ಕಡಲೇ ಮಾಡುವ ಸದ್ದನ್ನು ಹೈಡ್ರೋಫೋನಿನಿಂದ ದಾಖಲಿಸುವುದು ಇನ್ನೊಂದು. ತಳದ ಆಳ ಮತ್ತು ಸ್ವರೂಪ ಬೇಕಿದ್ದರೆ ಮೊದಲನೆಯದು, ಯಾವ ಜೀವಿಗಳು ಯಾವಾಗ ಇರುತ್ತವೆ ಎಂಬುದು ಬೇಕಿದ್ದರೆ ಎರಡನೆಯದು, ಮೀನಿನ ಹಿಂಡು ಎಲ್ಲಿದೆ ಮತ್ತು ಎಷ್ಟು ದೊಡ್ಡದು ಎಂದು ತಿಳಿಯಬೇಕಿದ್ದರೆ ಮತ್ತೆ ಮೊದಲನೆಯದು ಸೂಕ್ತ. "ಕಡಲಿನ ಶಬ್ದವನ್ನು ಅಧ್ಯಯನ ಮಾಡುತ್ತೇನೆ" ಎಂಬುದು ಪ್ರಶ್ನೆಯಲ್ಲ. "ಈ ಅಳಿವೆಯ ಬಾಯಲ್ಲಿ ಸಂಜೆಯ ಮೀನಿನ ಮೇಳ (ಮೀನುಗಳು ಒಟ್ಟಾಗಿ ಹೊರಡಿಸುವ ದನಿ) ಯಾವ ತಿಂಗಳು ಆರಂಭವಾಗುತ್ತದೆ?" ಎಂಬುದು ಪ್ರಶ್ನೆ. ಉಪಕರಣ, ಸ್ಥಳ, ದಾಖಲೆಯ ಅವಧಿ ಮೂರನ್ನೂ ನಿರ್ಧರಿಸುವುದು ಆ ಒಂದು ವಾಕ್ಯವಾದ್ದರಿಂದ ಅದನ್ನು ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಪ್ರಶ್ನೆಯ ನಂತರ ಬರುವುದು ಆವೃತ್ತಿಯ, ಅಂದರೆ ಶಬ್ದ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದರ (ಹರ್ಟ್ಜ್ ಲೆಕ್ಕದಲ್ಲಿ), ಆಯ್ಕೆ. ನೀಲಿ ತಿಮಿಂಗಿಲದ ದನಿ ಹತ್ತಾರು ಹರ್ಟ್ಜ್‌ಗಳಿಂದ ಸುಮಾರು 100 ಹರ್ಟ್ಜ್‌ವರೆಗಿನ ತಗ್ಗಿನಲ್ಲಿರುತ್ತದೆ; ಹೆಚ್ಚಿನ ಮೀನುಗಳ ಸದ್ದು 100ರಿಂದ 1,000 ಹರ್ಟ್ಜ್‌ಗಳ ಆಸುಪಾಸಿನಲ್ಲಿರುತ್ತದೆ; ಡಾಲ್ಫಿನ್‌ಗಳ ಸಿಳ್ಳೆ ಕೆಲವು ಕಿಲೋಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ ಏರುತ್ತದೆ; ನಮ್ಮ ತೀರದಲ್ಲಿರುವ, ಡಾಲ್ಫಿನ್ ಸಂಬಂಧಿಯಾದ, ಬೆನ್ನುರೆಕ್ಕೆಯಿಲ್ಲದ ಫಿನ್‌ಲೆಸ್ ಪಾರ್ಪಾಯ್ಸ್‌ನ ಟಿಕ್‌ಟಿಕ್ ಸದ್ದು ಸುಮಾರು 120ರಿಂದ 130 ಕಿಲೋಹರ್ಟ್ಜ್‌ನಲ್ಲಿರುವುದರಿಂದ ಮನುಷ್ಯನ ಕಿವಿಗೆ ಎಂದಿಗೂ ಕೇಳಿಸುವುದಿಲ್ಲ. ದಾಖಲೆಯ ಯಂತ್ರವು ಸೆಕೆಂಡಿಗೆ ಎಷ್ಟು ಸಲ ಅಳತೆ ತೆಗೆದುಕೊಳ್ಳುತ್ತದೆಯೋ ಅದರ ಅರ್ಧದಷ್ಟು ಆವೃತ್ತಿಯವರೆಗೆ ಮಾತ್ರ ಅದು ಹಿಡಿಯಬಲ್ಲದು. ಹಾಗಾಗಿ ಮೀನಿಗೆ 48 ಕಿಲೋಹರ್ಟ್ಜ್ (ಸೆಕೆಂಡಿಗೆ 48 ಸಾವಿರ ಅಳತೆ) ಧಾರಾಳವಾಗಿ ಸಾಕು, ಡಾಲ್ಫಿನ್ ಸಿಳ್ಳೆಗೆ 96 ಬೇಕು, ಪಾರ್ಪಾಯ್ಸ್‌ಗೆ 384.

ಇಲ್ಲಿ ಆರಂಭಿಕರು ಬಹಳಷ್ಟು ಎಡವುವ ಒಂದು ಸಂಗತಿಯಿದೆ. ತಗ್ಗಿನ ಆವೃತ್ತಿಯ ಶಬ್ದ ಬಹುದೂರ ಸಾಗುತ್ತದೆ ಎಂಬುದು ಆಳಸಾಗರದ ಮಟ್ಟಿಗೆ ನಿಜ. ತೀರದ ತೆಳುನೀರಿನಲ್ಲಿ ಅದು ಸಾಗುವುದೇ ಇಲ್ಲ. ಶಬ್ದದ ತರಂಗದೂರಕ್ಕೆ (ಒಂದು ಅಲೆಯಿಂದ ಮುಂದಿನ ಅಲೆಗಿರುವ ಅಂತರಕ್ಕೆ) ಹೋಲಿಸಿದರೆ ನೀರಿನ ಆಳ ತೀರಾ ಕಡಿಮೆಯಾದಾಗ ಶಬ್ದವು ತಳದೊಳಕ್ಕೆ ಸೋರಿಹೋಗುತ್ತದೆ. ಮರಳು ತಳದ 10 ಮೀಟರ್ ಆಳದ ನೀರಿನಲ್ಲಿ ಸುಮಾರು 90 ಹರ್ಟ್ಜ್‌ಗಿಂತ ಕೆಳಗಿನ ದನಿ ಹೆಚ್ಚು ದೂರ ಹೋಗದು. ಲಕ್ಷದ್ವೀಪದ ಕವರತ್ತಿಯ ಬಳಿ ನೀಲಿ ತಿಮಿಂಗಿಲದ ಹಾಡು ದಾಖಲಾಗಿ, 2021ರಲ್ಲಿ ಅದರ ವರದಿ ಪ್ರಕಟವಾದದ್ದನ್ನು ಓದಿದ ಉತ್ಸಾಹದಲ್ಲಿ ಮಲ್ಪೆಯ ಕಡಲತೀರದ ಪಕ್ಕದಲ್ಲೇ ಹೈಡ್ರೋಫೋನ್ ಇಳಿಸಿದರೆ ಏನೂ ಸಿಗದು. ಕವರತ್ತಿಯಲ್ಲಿ ಹವಳದಿಬ್ಬದ ಅಂಚಿನಿಂದಾಚೆ ನೀರು ಥಟ್ಟನೆ ಆಳಕ್ಕೆ ಇಳಿಯುತ್ತದೆ, ನಮ್ಮಲ್ಲಿ ತಳ ನಿಧಾನವಾಗಿ ಜಾರುತ್ತ ಹೋಗುತ್ತದೆ ಎಂಬ ವ್ಯತ್ಯಾಸವೇ ಇದಕ್ಕೆ ಕಾರಣ.

ದಡದಲ್ಲಿ ಮುಗಿಸಬೇಕಾದ ಕೆಲಸ

ಭಾರತೀಯ ನೌಕಾಪಡೆಯ ಡೆಹ್ರಾಡೂನ್‌ನಲ್ಲಿರುವ ಜಲಮಾಪನ ಕಚೇರಿ ಪ್ರಕಟಿಸುವ ನೌಕಾನಕ್ಷೆಯಲ್ಲಿ ನಿಮ್ಮ ಜಾಗದ ಆಳ, ಕಲ್ಲು, ಮುಳುಗಿದ ಹಡಗು, ಹೂಳಿನ ಗುರುತುಗಳನ್ನು ನೋಡಿಕೊಳ್ಳಿ. ಉಚಿತವಾಗಿ ದೊರೆಯುವ ಗೆಬ್ಕೋ ಜಾಗತಿಕ ತಳನಕ್ಷೆಯೂ ನೆರವಾಗುತ್ತದೆಯಾದರೂ ಅದರ ಒಂದೊಂದು ಚೌಕವೂ ಸುಮಾರು ಅರ್ಧ ಕಿಲೋಮೀಟರ್ ಅಗಲದ್ದು; ಜೊತೆಗೆ ಜಗತ್ತಿನ ಸಾಗರತಳದಲ್ಲಿ ನೇರವಾಗಿ ಅಳೆದಿರುವುದು ಇಂದಿಗೂ ಸುಮಾರು ಕಾಲು ಭಾಗ ಮಾತ್ರ, ಉಳಿದದ್ದು ಉಪಗ್ರಹದ ಮಾಹಿತಿಯಿಂದ ಮಾಡಿದ ಅಂದಾಜು. ಅಲೆ, ಗಾಳಿ ಮತ್ತು ಭರತ-ಇಳಿತಗಳ ಮುನ್ಸೂಚನೆಗೆ ಹೈದರಾಬಾದಿನ ಇಂಕಾಯ್ಸ್ ಸಂಸ್ಥೆಯ ಮಾಹಿತಿಯನ್ನು ನೋಡುವುದು ರೂಢಿಯಾಗಲಿ.

ಅನುಮತಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಭಾರತದ ನೀರಿನಲ್ಲಿರುವ ತಿಮಿಂಗಿಲ ಮತ್ತು ಡಾಲ್ಫಿನ್‌ಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ದೋಣಿಯಲ್ಲಿ ಅವುಗಳನ್ನು ಬೆನ್ನಟ್ಟಿ ದನಿ ಹಿಡಿಯುವುದು ಸಲ್ಲದು. ಕಾರವಾರದ ನೌಕಾನೆಲೆಯ ಸುತ್ತಮುತ್ತ, ಬಂದರುಗಳ ಹಡಗುಹಾದಿಯಲ್ಲಿ, ರಕ್ಷಣಾ ಇಲಾಖೆ ಗುರುತಿಸಿದ ಜಾಗಗಳಲ್ಲಿ ಯಾವ ಧ್ವನಿ ಉಪಕರಣವನ್ನೂ ಇಳಿಸಬಾರದು. ನೀರಿನೊಳಗೆ ಬಿಟ್ಟುಬಂದ ಮೈಕ್ ಇರುವ ಪೆಟ್ಟಿಗೆಯೊಂದು ಕರಾವಳಿ ಕಾವಲು ಪೊಲೀಸರಿಗೆ ಹೇಗೆ ಕಾಣಬಹುದು ಎಂಬುದನ್ನು ಊಹಿಸಿಕೊಂಡರೆ, ಮುಂಚಿತವಾಗಿ ಲಿಖಿತ ಮಾಹಿತಿ ನೀಡಿ ಒಪ್ಪಿಗೆ ಪಡೆಯುವುದರ ಅಗತ್ಯ ತಾನಾಗಿ ಅರ್ಥವಾಗುತ್ತದೆ. ಮಂಗಳೂರಿನ ಮೀನುಗಾರಿಕಾ ಮಹಾವಿದ್ಯಾಲಯ, ಮಂಗಳೂರು ಮತ್ತು ಕಾರವಾರಗಳಲ್ಲಿರುವ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಶಾಖೆಗಳು, ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಇಂಥ ಸಂಸ್ಥೆಗಳ ಮೂಲಕ ಹೋದರೆ ದಾರಿ ಸುಗಮವಾಗುತ್ತದೆ.

ಕಾಲದ ಆಯ್ಕೆಗೆ ನಮ್ಮ ತೀರದಲ್ಲಿ ಒಂದು ವಿಶೇಷ ಅವಕಾಶವಿದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲ್ ಮತ್ತು ಪರ್ಸೀನ್ ದೋಣಿಗಳ ಸದ್ದು 61 ದಿನ ಅಡಗಿರುತ್ತದೆ. ಆದರೆ ಅದೇ ದಿನಗಳಲ್ಲಿ ಮುಂಗಾರಿನ ಅಲೆ ಅಬ್ಬರಿಸುತ್ತಿರುತ್ತದೆ. ತೆರೆದ ಕಡಲಿಗೆ ನಾಡದೋಣಿಯಲ್ಲಿ ಹೋಗುವುದು ಜೀವಕ್ಕೆ ಸಂಚಕಾರ. ಆದ್ದರಿಂದ ದೋಣಿ ಸದ್ದಿನ ಪರಿಣಾಮವನ್ನು ಅಳೆಯಬೇಕೆನ್ನುವವರು ಅಳಿವೆಯ ಒಳಭಾಗವನ್ನು ಆರಿಸಿಕೊಂಡು, ನಿಷೇಧದ ಕೊನೆಯ ವಾರವನ್ನೂ ಆಗಸ್ಟಿನ ಮೊದಲ ವಾರವನ್ನೂ ಹೋಲಿಸುವುದು ಜಾಣತನ.

ನೀರಿನಲ್ಲಿ ಶಬ್ದದ ವೇಗವನ್ನು ಕಂಡುಕೊಳ್ಳುವುದು

ಎಕೋಸೌಂಡರ್ ಅಳೆಯುವುದು ಆಳವನ್ನಲ್ಲ, ಸಮಯವನ್ನು. ಶಬ್ದ ಹೋಗಿಬಂದ ಸಮಯವನ್ನು ವೇಗದಿಂದ ಗುಣಿಸಿ ಎರಡರಿಂದ ಭಾಗಿಸಿದ ಉತ್ತರವನ್ನು ಅದು ಆಳವೆಂದು ತೋರಿಸುತ್ತದೆ. ಬಹಳಷ್ಟು ಯಂತ್ರಗಳು ವೇಗವನ್ನು 1,500 ಮೀಟರ್ ಎಂದು ಮೊದಲೇ ಇಟ್ಟುಕೊಂಡಿರುತ್ತವೆ. 28 ಡಿಗ್ರಿ ಸೆಲ್ಸಿಯಸ್ ಬಿಸಿಯ, ಸಾವಿರಕ್ಕೆ 35 ಭಾಗ ಉಪ್ಪಿರುವ ನೀರಿನಲ್ಲಿ ನಿಜವಾದ ವೇಗ ಸುಮಾರು 1,541 ಮೀಟರ್. ಅದೇ ಬಿಸಿಯ ಸಿಹಿನೀರಿನಲ್ಲಿ ಸುಮಾರು 1,505. ಶಬ್ದ ಹೋಗಿಬರಲು 40 ಮಿಲಿಸೆಕೆಂಡ್ ತೆಗೆದುಕೊಂಡರೆ ಯಂತ್ರ 30 ಮೀಟರ್ ಎನ್ನುತ್ತದೆ, ನಿಜವಾದ ಆಳ 30.8 ಮೀಟರ್. ಮೀನು ಹುಡುಕುವವರಿಗೆ ಈ ಅಂತರ ಲೆಕ್ಕಕ್ಕಿಲ್ಲ, ಹೂಳು ಎಷ್ಟು ಏರಿದೆ ಎಂದು ಅಳೆಯುವವರಿಗೆ ಇದು ಇಡೀ ಅಧ್ಯಯನವನ್ನೇ ಕೆಡಿಸಬಲ್ಲದು.

ಹಾಗಾಗಿ ಕೆಲಸ ಆರಂಭಿಸುವ ಮೊದಲು, ಮಧ್ಯಾಹ್ನ ಒಮ್ಮೆ, ಮುಗಿಸುವಾಗ ಒಮ್ಮೆ ನೀರಿನ ಬಿಸಿ ಮತ್ತು ಲವಣಾಂಶವನ್ನು ಮೇಲ್ಮೈಯಲ್ಲೂ ನಡುವಿನಲ್ಲೂ ತಳದ ಬಳಿಯಲ್ಲೂ ಅಳೆಯಿರಿ. ಇದಕ್ಕೆಂದೇ ಇರುವ ಸಿಟಿಡಿ ಉಪಕರಣ ಇಲ್ಲದಿದ್ದರೆ ಮುಚ್ಚಳವನ್ನು ಹಗ್ಗದಿಂದ ಎಳೆದು ಬೇಕಾದ ಆಳದಲ್ಲಿ ತೆರೆಯುವ ಬಾಟಲಿ, ಒಂದು ಒಳ್ಳೆಯ ಥರ್ಮಾಮೀಟರ್ ಮತ್ತು ಲವಣಮಾಪಕ ಸಾಕಾಗುತ್ತವೆ. ಬೇಸಗೆಯಲ್ಲಿ ನೀರು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿರಬಹುದು. ಮುಂಗಾರಿನಲ್ಲಿ ಚಿತ್ರ ಬದಲಾಗುತ್ತದೆ: ಮೇಲೆ ನದಿಯ ಸಿಹಿನೀರಿನ ಪದರ, ಕೆಳಗೆ ಆಳದಿಂದ ತೀರದತ್ತ ಉಕ್ಕಿಬಂದ ತಣ್ಣೀರು. ಶಬ್ದವು ಯಾವಾಗಲೂ ವೇಗ ಕಡಿಮೆಯಿರುವ ಕಡೆಗೆ ಬಾಗುತ್ತದೆ. ಮೇಲೆ ಬಿಸಿ, ಕೆಳಗೆ ತಂಪು ಇದ್ದಾಗ ದೂರದ ದನಿ ತಳದತ್ತ ಬಾಗಿ, ಮೇಲ್ಮೈಯ ಬಳಿ ತೂಗಿಬಿಟ್ಟ ಹೈಡ್ರೋಫೋನಿಗೆ ಕೇಳಿಸದೆ ಹೋಗಬಹುದು. ಬೆಳಿಗ್ಗೆ ಸ್ಪಷ್ಟವಾಗಿದ್ದ ದನಿ ಬಿಸಿಲೇರಿದ ಮೇಲೆ ಮಸುಕಾದರೆ ಜೀವಿಗಳು ಹೊರಟುಹೋದವೆಂದು ಬರೆಯುವ ಮುನ್ನ ಥರ್ಮಾಮೀಟರ್ ನೋಡಿ.

ತಳವನ್ನು ಅಳೆಯುವುದು

ಎಕೋಸೌಂಡರಿನಲ್ಲಿ ಶಬ್ದ ಕಳುಹಿಸಿ ಮಾರ್ದನಿ ಹಿಡಿಯುವ ಸಂವೇದಕವನ್ನು ದೋಣಿಯ ಅಡಿ ಅಥವಾ ಬದಿಯಲ್ಲಿ, ಎಂಜಿನ್ನಿನ ಗಾಳಿಗುಳ್ಳೆಗಳು ತಾಗದ ಕಡೆ, ನೆಟ್ಟಗೆ ಕೆಳಮುಖವಾಗಿ ಬಿಗಿಯಬೇಕು. ಗುಳ್ಳೆಗಳು ಶಬ್ದವನ್ನು ಬಹುಮಟ್ಟಿಗೆ ನುಂಗಿಬಿಡುತ್ತವೆ. ನೀರಿನ ಮಟ್ಟದಿಂದ ಸಂವೇದಕ ಎಷ್ಟು ಕೆಳಗಿದೆ ಎಂಬುದನ್ನು ಜನರೂ ಸಾಮಾನೂ ದೋಣಿಯಲ್ಲಿರುವಾಗಲೇ ಅಳೆದು ಬರೆದುಕೊಳ್ಳಿ. ಖಾಲಿ ದೋಣಿಯ ಅಳತೆ ಉಪಯೋಗಕ್ಕೆ ಬಾರದು.

ನಂತರ ಪರೀಕ್ಷೆ. ಒಂದು ಕಬ್ಬಿಣದ ತಟ್ಟೆಯನ್ನು ಗುರುತು ಹಾಕಿದ ಹಗ್ಗಗಳಿಂದ ಸಂವೇದಕದ ಕೆಳಗೆ 2, 4, 6, 8 ಮೀಟರ್‌ಗಳಿಗೆ ಇಳಿಸಿ, ಪ್ರತಿ ಆಳದಲ್ಲಿ ಯಂತ್ರ ಏನು ಹೇಳುತ್ತದೆಂದು ನೋಡಿ. ವ್ಯತ್ಯಾಸ ಎಲ್ಲ ಆಳದಲ್ಲೂ ಒಂದೇ ಆಗಿದ್ದರೆ ಸಂವೇದಕದ ಎತ್ತರದ ಲೆಕ್ಕ ತಪ್ಪಿದೆ. ಆಳ ಹೆಚ್ಚಿದಂತೆ ವ್ಯತ್ಯಾಸವೂ ಹೆಚ್ಚುತ್ತಿದ್ದರೆ ವೇಗದ ಲೆಕ್ಕ ತಪ್ಪಿದೆ. ಇಷ್ಟು ಅಗ್ಗದಲ್ಲಿ ಇಷ್ಟು ನಿಖರವಾಗಿ ತಪ್ಪನ್ನು ಬೆರಳಿಟ್ಟು ತೋರಿಸುವ ಪರೀಕ್ಷೆ ಇನ್ನೊಂದನ್ನು ನಾನು ಕಂಡಿಲ್ಲ. ಆದರೂ ಮಾಡಲು ಅರ್ಧ ಗಂಟೆ ಹಿಡಿಯುತ್ತದೆಂಬ ಕಾರಣಕ್ಕೆ ಹೆಚ್ಚಿನವರು ಇದನ್ನೇ ಬಿಟ್ಟುಬಿಡುತ್ತಾರೆ.

ದೋಣಿಯನ್ನು ನಾಲ್ಕೈದು ನಾಟ್ (ಗಂಟೆಗೆ ಸುಮಾರು ಏಳರಿಂದ ಒಂಬತ್ತು ಕಿಲೋಮೀಟರ್) ವೇಗದಲ್ಲಿ, ತೀರಕ್ಕೆ ಲಂಬವಾದ ಸಮಾನಾಂತರ ಗೆರೆಗಳ ಮೇಲೆ ಓಡಿಸಬೇಕು. ಕೊನೆಯಲ್ಲಿ ಅವೆಲ್ಲವನ್ನೂ ಅಡ್ಡಹಾಯುವ ಒಂದೆರಡು ಗೆರೆಗಳನ್ನೂ ಓಡಿಸಿ. ಅಡ್ಡಗೆರೆ ಮತ್ತು ಉದ್ದಗೆರೆ ಸಂಧಿಸುವ ಜಾಗದಲ್ಲಿ ಎರಡು ಸಲ ಸಿಕ್ಕ ಆಳಗಳು ಹೊಂದದಿದ್ದರೆ ಎಲ್ಲೋ ತಪ್ಪಾಗಿದೆ ಎಂದರ್ಥ. ಹೀಗಾಗಲು ಬಹುಪಾಲು ಕಾರಣ ಭರತ-ಇಳಿತ. ಕರ್ನಾಟಕದ ತೀರದಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಸುತ್ತ ನೀರಿನ ಮಟ್ಟ ಸುಮಾರು ಒಂದೂವರೆಯಿಂದ ಎರಡು ಮೀಟರ್ ಏರಿಳಿಯುತ್ತದೆ. ದಡದಲ್ಲಿ ಅಳತೆಕೋಲೊಂದನ್ನು ನೆಟ್ಟು, ಪ್ರತಿ ಹತ್ತು ನಿಮಿಷಕ್ಕೊಮ್ಮೆ ಮಟ್ಟ ಬರೆದುಕೊಳ್ಳಲು ಒಬ್ಬರನ್ನು ಕೂರಿಸಿ, ಆ ಏರಿಳಿತವನ್ನು ಎಲ್ಲ ಆಳಗಳಿಂದಲೂ ಕಳೆಯಬೇಕು.

ಮಾರ್ದನಿಯ ಒಂದು ಮಿತಿಯನ್ನು ಇಲ್ಲಿ ಹೇಳಬೇಕು. ಸಂವೇದಕದಿಂದ ಹೊರಟ ಶಬ್ದ ದಾರದಂತೆ ನೇರವಾಗಿ ಇಳಿಯುವುದಿಲ್ಲ, ಬುಟ್ಟಿಯ ಹಾಗೆ ಅಗಲವಾಗುತ್ತ ಹೋಗುತ್ತದೆ. 20 ಡಿಗ್ರಿ ಅಗಲದ ಕಿರಣ 30 ಮೀಟರ್ ಆಳದಲ್ಲಿ ಹತ್ತೂವರೆ ಮೀಟರ್ ಅಡ್ಡಗಲದ ವೃತ್ತವನ್ನು ಮುಟ್ಟುತ್ತದೆ. ಆ ವೃತ್ತದೊಳಗೆ ಎಲ್ಲೇ ಎತ್ತರದ ಕಲ್ಲಿದ್ದರೂ ಅದರ ತುದಿಯೇ ಆಳವಾಗಿ ದಾಖಲಾಗುತ್ತದೆ. ಸಾಮಾನ್ಯ ಫಿಶ್ ಫೈಂಡರುಗಳಲ್ಲಿರುವ 200 ಕಿಲೋಹರ್ಟ್ಜ್‌ನ ತರಂಗದೂರ 8 ಮಿಲಿಮೀಟರಿಗೂ ಕಡಿಮೆ, 50 ಕಿಲೋಹರ್ಟ್ಜ್‌ನದು 3 ಸೆಂಟಿಮೀಟರ್. ಮೊದಲನೆಯದು ಚಿಕ್ಕ ವಿವರ ತೋರಿಸುತ್ತದೆ, ಬೇಗ ಸೊರಗುತ್ತದೆ; ಎರಡನೆಯದು ಆಳಕ್ಕೆ ಹೋಗುತ್ತದೆ, ಮೆತ್ತನೆಯ ಕೆಸರಿನೊಳಕ್ಕೂ ಸ್ವಲ್ಪ ನುಗ್ಗುತ್ತದೆ. ಎರಡರಲ್ಲೂ ಒಟ್ಟಿಗೆ ಓಡಿಸಿದಾಗ ಎರಡು ಬೇರೆ ಆಳಗಳು ಕಂಡರೆ ಗಾಬರಿಯಾಗಬೇಕಿಲ್ಲ, ಅಲ್ಲಿ ಗಟ್ಟಿ ನೆಲದ ಮೇಲೆ ಸಡಿಲ ಕೆಸರಿನ ಹೊದಿಕೆಯಿರುವ ಸಾಧ್ಯತೆಯಿದೆ.

ತಳದ ಜಾತಿಯನ್ನು ಓದುವುದು ಆಳವನ್ನು ಓದುವುದಕ್ಕಿಂತ ಸ್ವಾರಸ್ಯಕರ. ಕಲ್ಲು ಮತ್ತು ಗಟ್ಟಿ ಮರಳು ಪ್ರಖರವಾದ ಮಾರ್ದನಿ ಕೊಡುತ್ತವೆ. ಆ ಮಾರ್ದನಿ ನೀರಿನ ಮೇಲ್ಮೈಗೆ ಬಡಿದು ಮತ್ತೆ ತಳಕ್ಕೆ ಹೋಗಿ ಮರಳುವುದರಿಂದ ಪರದೆಯಲ್ಲಿ ಎರಡರಷ್ಟು ಆಳದಲ್ಲಿ ಇನ್ನೊಂದು ತಳ ಕಾಣಿಸುತ್ತದೆ. ಕೆಸರು ಶಬ್ದವನ್ನು ಹೀರಿಕೊಳ್ಳುತ್ತದೆಯಾದ್ದರಿಂದ ಎರಡನೆಯ ಗೆರೆ ಮಂಕಾಗಿರುತ್ತದೆ ಅಥವಾ ಇರುವುದೇ ಇಲ್ಲ. ಮೊದಲ ಮಾರ್ದನಿಯ ಬಾಲ ಉದ್ದವಿದ್ದರೆ ನೆಲ ಒರಟು, ಎರಡನೆಯ ಮಾರ್ದನಿ ಬಲವಾಗಿದ್ದರೆ ನೆಲ ಗಟ್ಟಿ ಎಂಬುದು ಸ್ಥೂಲವಾದ ನಿಯಮ. ನುರಿತ ತಾಂಡೇಲರು ಪರದೆಯ ಗೆರೆಯ ದಪ್ಪ ನೋಡಿಯೇ ಬಲೆ ಹಾಕುವ ನೆಲ ಯಾವುದು, ಬಲೆ ಹರಿಯುವ ನೆಲ ಯಾವುದು ಎಂದು ಹೇಳುವುದು ಇದೇ ನಿಯಮದ ಮೇಲೆ. ಅವರನ್ನು ದೋಣಿ ನಡೆಸುವವರೆಂದು ಮಾತ್ರ ನೋಡದೆ ಅಧ್ಯಯನದ ಸಹಭಾಗಿಗಳೆಂದು ಕರೆದುಕೊಂಡು ಹೋಗಿ.

ಇಷ್ಟಾದರೂ ಪರದೆಯ ಮೇಲಿನ ಗೆರೆ ಒಂದು ಊಹೆ ಮಾತ್ರ. ಪ್ರತಿ ಬಗೆಯ ಮಾರ್ದನಿ ಸಿಕ್ಕ ಕಡೆ ಕನಿಷ್ಠ ಮೂರು ಜಾಗಗಳಲ್ಲಿ ತಳದ ಮಾದರಿಯನ್ನು ಮೇಲೆತ್ತಿ ನೋಡಲೇಬೇಕು. ತಳಕ್ಕಿಳಿದು ಬಾಯಿ ಮುಚ್ಚಿಕೊಳ್ಳುವ ಗ್ರ್ಯಾಬ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ನಾವಿಕರ ಉಪಾಯ ಇದ್ದೇ ಇದೆ: ಸೀಸದ ಗುಂಡಿನ ಅಡಿಯ ಕುಳಿಯಲ್ಲಿ ಗಟ್ಟಿ ಕೊಬ್ಬನ್ನು ಮೆತ್ತಿ ಇಳಿಸಿದರೆ ಮರಳೋ ಚಿಪ್ಪಿನ ಚೂರೋ ಕೆಸರೋ ಅಂಟಿಕೊಂಡು ಬರುತ್ತದೆ, ಏನೂ ಅಂಟದಿದ್ದರೆ ಕಲ್ಲು. 1925ರಿಂದ 1927ರವರೆಗೆ ಜರ್ಮನಿಯ ಮೀಟಿಯೋರ್ ಹಡಗು ದಕ್ಷಿಣ ಅಟ್ಲಾಂಟಿಕ್ ಅನ್ನು ಮತ್ತೆ ಮತ್ತೆ ದಾಟುತ್ತ ಮಾರ್ದನಿಯಿಂದ ಸಾವಿರಾರು ಆಳಗಳನ್ನು ಅಳೆದಾಗಲೂ ತಳದ ಮಾದರಿಗಳನ್ನು ಎತ್ತುವ ಕೆಲಸವನ್ನು ಬಿಟ್ಟಿರಲಿಲ್ಲ.

ತಳದಂತೆ ಕಾಣುವ ಜೀವಿಗಳು

ಪರದೆಯಲ್ಲಿ ತಳಕ್ಕೂ ಮೇಲ್ಮೈಗೂ ನಡುವೆ ಕಾಣುವ ಮೋಡದಂಥ ಮಚ್ಚೆಗಳು ಮೀನಿನ ಹಿಂಡುಗಳಿರಬಹುದು. ಮೀನಿನ ಮಾರ್ದನಿಯ ಬಹುದೊಡ್ಡ ಪಾಲು ಬರುವುದು ಅದರ ಮಾಂಸದಿಂದಲ್ಲ, ಹೊಟ್ಟೆಯೊಳಗಿನ ಗಾಳಿಚೀಲದಿಂದ. ಬೂತಾಯಿಯ ಹಿಂಡು ಆದ್ದರಿಂದಲೇ ಢಾಳಾಗಿ ಕಾಣುತ್ತದೆ. ಗಾಳಿಚೀಲವಿಲ್ಲದ ತೊರಕೆ ಮತ್ತು ಶಾರ್ಕ್‌ಗಳು ಗಾತ್ರದಲ್ಲಿ ಎಷ್ಟೋ ದೊಡ್ಡವಾದರೂ ಮಂಕಾಗಿ ಕಾಣುತ್ತವೆ. ಪರದೆಯ ಹೊಳಪನ್ನು ನೋಡಿ ಮೀನಿನ ತೂಕವನ್ನು ಅಂದಾಜಿಸುವವರು ಇದನ್ನು ಮರೆಯಬಾರದು. ಹಿಂಡಿನ ಪ್ರಮಾಣವನ್ನು ಸಂಖ್ಯೆಯಲ್ಲಿ ಹೇಳಬೇಕೆಂದರೆ 38.1 ಮಿಲಿಮೀಟರ್ ವ್ಯಾಸದ ಟಂಗ್‌ಸ್ಟನ್ ಕಾರ್ಬೈಡ್ ಗುಂಡನ್ನು ಸಂವೇದಕದ ಕೆಳಗೆ ತೂಗಿಬಿಟ್ಟು, ಅದರಿಂದ ಬರಬೇಕಾದ ಮಾರ್ದನಿಗೂ ಬಂದ ಮಾರ್ದನಿಗೂ ಇರುವ ವ್ಯತ್ಯಾಸದಿಂದ ಯಂತ್ರವನ್ನು ಸರಿಪಡಿಸಬೇಕು. ಈ ಸೌಲಭ್ಯ ವೈಜ್ಞಾನಿಕ ಎಕೋಸೌಂಡರುಗಳಲ್ಲಿ ಮಾತ್ರ ಇರುತ್ತದೆ. ಸಾಮಾನ್ಯ ಫಿಶ್ ಫೈಂಡರ್ ಇದ್ದವರು "ಹಿಂಡು ಇತ್ತು, ಇಷ್ಟು ಆಳದಲ್ಲಿತ್ತು, ಇಷ್ಟು ಹೊತ್ತಿನಲ್ಲಿತ್ತು" ಎಂಬಲ್ಲಿಗೆ ನಿಲ್ಲಿಸುವುದು ಪ್ರಾಮಾಣಿಕತೆ.

ಜೀವಿಗಳೇ ತಳದ ವೇಷ ಹಾಕುವುದೂ ಉಂಟು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಕ್ಯಾಲಿಫೋರ್ನಿಯಾದಾಚೆ ಸೋನಾರ್ ಪರೀಕ್ಷಿಸುತ್ತಿದ್ದವರಿಗೆ ನೂರಾರು ಮೀಟರ್ ಆಳದಲ್ಲಿ ಇನ್ನೊಂದು ತಳ ಕಂಡಿತು. ಆ ತಳ ರಾತ್ರಿಯಾದರೆ ಮೇಲೇರುತ್ತಿತ್ತು, ಬೆಳಗಾದರೆ ಇಳಿಯುತ್ತಿತ್ತು. ಅದು ಸಣ್ಣ ಮೀನು ಮತ್ತು ಪ್ಲವಕಗಳ ದಟ್ಟ ಪದರ ಎಂದು ತಿಳಿದದ್ದು ಆನಂತರ. ಅರಬ್ಬೀ ಸಮುದ್ರದ ಆಳದಲ್ಲಿ ಮೈಯಲ್ಲಿ ಬೆಳಕುಳ್ಳ ಲ್ಯಾಂಟರ್ನ್ ಮೀನುಗಳ ಇಂಥದೇ ಪದರವಿದೆ. ಆಳದ ನೀರಿಗೆ ಹೋಗುವ ಅವಕಾಶ ಸಿಕ್ಕವರು ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚಿನಿಂದ ಒಂದು ಗಂಟೆ ನಂತರದವರೆಗೆ ಪರದೆಯನ್ನು ಬಿಡದೆ ದಾಖಲಿಸಿದರೆ ಪದರ ಏರುವುದನ್ನು ಕಣ್ಣಾರೆ ಕಾಣಬಹುದು.

ಹೈಡ್ರೋಫೋನ್ ಇಳಿಸುವುದು

ಸ್ವಯಂಚಾಲಿತವಾಗಿ ದಾಖಲಿಸುವ ಪುಟ್ಟ ಯಂತ್ರಗಳು ಈಗ ಹಿಂದಿನಷ್ಟು ದುಬಾರಿಯಲ್ಲ. ಹೈಡ್ರೋಮಾತ್ ಇದಕ್ಕೊಂದು ಉದಾಹರಣೆ. ತಂತಿಯ ತುದಿಯಲ್ಲಿ, ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೋ ಬಿಲ್ಲೆಯನ್ನು ಎಪಾಕ್ಸಿಯಲ್ಲಿ ಮುಚ್ಚಿ ಮನೆಯಲ್ಲೇ ಮಾಡಿಕೊಂಡ ಹೈಡ್ರೋಫೋನ್ ಕೂಡ ಸಿಗಡಿ ಮತ್ತು ದೋಣಿಯ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರಿಂದ "ಇಷ್ಟು ಡೆಸಿಬೆಲ್" ಎಂದು ಹೇಳಲಾಗುವುದಿಲ್ಲ. ಹಾಗೆ ಹೇಳಬೇಕಿದ್ದರೆ ಪ್ರಯೋಗಾಲಯದಲ್ಲಿ ಸಂವೇದನೆಯನ್ನು ಅಳೆದು ಪ್ರಮಾಣಪತ್ರ ಕೊಟ್ಟ ಹೈಡ್ರೋಫೋನೇ ಬೇಕು.

ಕಟ್ಟುವ ಕ್ರಮವೇ ಇಲ್ಲಿ ಅರ್ಧ ವಿದ್ಯೆ. ಮೊದಲ ಸಲ ನಾನು ಯಂತ್ರವನ್ನು ಮೇಲ್ಮೈಯ ತೇಲುಬುಂಡೆಗೆ ನೇರವಾಗಿ ಬಿಗಿದು ಇಳಿಸಿ, ಮರುದಿನ ಹನ್ನೆರಡು ಗಂಟೆಯ ದಾಖಲೆಯನ್ನು ಕೇಳಿದಾಗ ಸಿಕ್ಕದ್ದು ಅಲೆಯ ಜೊತೆ ಹಗ್ಗ ಬಡಿಯುವ ಟಕ್‌ಟಕ್ ಸದ್ದು ಮಾತ್ರ. ಅದರ ಹಿಂದೆ ಎಲ್ಲೋ ಮೀನುಗಳು ಕೂಗುತ್ತಿದ್ದವು. ತಳದಲ್ಲಿ ಭಾರ, ಅದರಿಂದ ಮೇಲಕ್ಕೆ ಒಂದೂವರೆ ಎರಡು ಮೀಟರ್ ಹಗ್ಗ, ಹಗ್ಗದ ತುದಿಯಲ್ಲಿ ನೀರಿನೊಳಗೇ ಉಳಿಯುವ ಚಿಕ್ಕ ತೇಲುಬುಂಡೆ, ನಡುವೆ ರಬ್ಬರ್ ಪಟ್ಟಿಗಳಿಂದ ತೂಗಿದ ಹೈಡ್ರೋಫೋನ್: ಈ ಜೋಡಣೆಯಲ್ಲಿ ಮೇಲಿನ ಅಲೆಯ ಕುಲುಕು ಯಂತ್ರವನ್ನು ತಲುಪುವುದಿಲ್ಲ. ಸರಪಳಿ, ಕೊಂಡಿ, ಬಳೆ ಮುಂತಾದ ಲೋಹದ ಯಾವ ತುಂಡೂ ಇನ್ನೊಂದಕ್ಕೆ ತಾಗುವಂತಿರಬಾರದು. ಟ್ರಾಲ್ ಬಲೆ ಎಳೆಯುವ ಜಾಗದಲ್ಲಿ ಇಟ್ಟ ಯಂತ್ರ ಹಿಂತಿರುಗಿ ಬರುವುದಿಲ್ಲವೆಂದೇ ತಿಳಿಯಿರಿ; ಸ್ಥಳೀಯ ಮೀನುಗಾರರನ್ನು ಕೇಳಿ ಕಲ್ಲಿನ ನೆರಳಿರುವ ಜಾಗ ಆರಿಸಿ, ಪೆಟ್ಟಿಗೆಯ ಮೇಲೆ ಕನ್ನಡದಲ್ಲೇ ಉದ್ದೇಶವನ್ನು ಬರೆದಿಡಿ.

ಎಷ್ಟು ಹೊತ್ತು ದಾಖಲಿಸಬೇಕು? 48 ಕಿಲೋಹರ್ಟ್ಜ್‌ನಲ್ಲಿ 16 ಬಿಟ್ ದಾಖಲೆ ಗಂಟೆಗೆ ಸುಮಾರು 346 ಮೆಗಾಬೈಟ್, ದಿನಕ್ಕೆ 8.3 ಗಿಗಾಬೈಟ್ ಜಾಗ ತಿನ್ನುತ್ತದೆ. ಪ್ರತಿ ಅರ್ಧ ಗಂಟೆಗೆ ಐದು ನಿಮಿಷ ಮಾತ್ರ ದಾಖಲಿಸಿದರೆ ಅದು ಆರನೆಯ ಒಂದು ಭಾಗಕ್ಕೆ ಇಳಿದು, 32 ಗಿಗಾಬೈಟ್ ಕಾರ್ಡಿನಲ್ಲಿ ಮೂರು ವಾರಕ್ಕೂ ಮಿಕ್ಕಿ ದಾಖಲೆ ಹಿಡಿಯುತ್ತದೆ. ಗಂಟೆಗಟ್ಟಲೆ ನಡೆಯುವ ಮೀನಿನ ಮೇಳಕ್ಕೆ ಈ ಕ್ರಮ ಒಪ್ಪುತ್ತದೆ. ಎರಡು ನಿಮಿಷದಲ್ಲಿ ಹಾದುಹೋಗುವ ಡಾಲ್ಫಿನ್‌ಗೆ ಒಪ್ಪುವುದಿಲ್ಲ. ಇಳಿಸುವ ಮುನ್ನ ಯಂತ್ರದ ಗಡಿಯಾರವನ್ನು ಜಿಪಿಎಸ್ ಸಮಯಕ್ಕೆ ಹೊಂದಿಸಿ, ಅದು ಭಾರತೀಯ ಕಾಲಮಾನವೋ ಅಥವಾ ಅದಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಕಾಲಮಾನವೋ ಎಂದು ಬರೆದಿಡಬೇಕು. ಇಲ್ಲದಿದ್ದರೆ ಸಂಜೆಯ ಮೇಳ ಮಧ್ಯಾಹ್ನದ್ದಾಗಿ ವರದಿಯಾಗುತ್ತದೆ. ಯಂತ್ರ ನೀರಿಗಿಳಿದ ತಕ್ಷಣ ದೋಣಿಯ ಬದಿಗೆ ಮೂರು ಸಲ ತಟ್ಟಿ ಆ ಹೊತ್ತನ್ನು ಬರೆದುಕೊಂಡರೆ ಗಡಿಯಾರವನ್ನು ನಂತರ ತಾಳೆ ನೋಡಬಹುದು.

ಡಾಲ್ಫಿನ್ ಅಥವಾ ಪಾರ್ಪಾಯ್ಸ್ ದನಿ ಹಿಡಿಯುವಾಗ ಎಂಜಿನ್ನನ್ನಷ್ಟೇ ಅಲ್ಲ, ಎಕೋಸೌಂಡರನ್ನೂ ನಿಲ್ಲಿಸಬೇಕು. 50 ಕಿಲೋಹರ್ಟ್ಜ್‌ನ ಮಿಡಿತ ನಮಗೆ ಕೇಳಿಸದಿದ್ದರೂ ಅವುಗಳಿಗೆ ಸ್ಪಷ್ಟವಾಗಿ ಕೇಳಿಸುತ್ತದೆ.

ದಾಖಲೆಯನ್ನು ಓದುವುದು

ದಾಖಲೆಯನ್ನು ಮೊದಲು ಕಣ್ಣಿನಿಂದ ನೋಡಿ, ಆಮೇಲೆ ಕಿವಿಯಿಂದ ಕೇಳಿ. ಆಡಾಸಿಟಿ ಅಥವಾ ರೇವನ್ ಲೈಟ್ ತಂತ್ರಾಂಶದಲ್ಲಿ ಕಡತವನ್ನು ತೆರೆದು ಸ್ಪೆಕ್ಟ್ರೋಗ್ರಾಂ ನೋಟಕ್ಕೆ ಬದಲಿಸಿದರೆ ಅಡ್ಡಕ್ಕೆ ಸಮಯ, ಉದ್ದಕ್ಕೆ ಆವೃತ್ತಿ, ಬಣ್ಣದಲ್ಲಿ ಬಲ ಕಾಣಿಸುತ್ತವೆ. ಮೀನಿನ ಮೇಳ ಹುಡುಕುವಾಗ 2,000 ಹರ್ಟ್ಜ್‌ವರೆಗಿನ ಭಾಗವನ್ನು ಮಾತ್ರ ಹಿಗ್ಗಿಸಿಕೊಳ್ಳಿ, ಇಲ್ಲವಾದರೆ ಅದು ಪರದೆಯ ಅಡಿಯಲ್ಲಿ ಒಂದು ತೆಳು ಗೆರೆಯಾಗಿ ಹುದುಗಿಹೋಗುತ್ತದೆ.

ಬೆಚ್ಚನೆಯ ತೆಳುನೀರಿನಲ್ಲಿ ಎಲ್ಲಕ್ಕಿಂತ ಮೊದಲು ಕೇಳುವುದು ಎಣ್ಣೆಯಲ್ಲಿ ಸಾಸಿವೆ ಸಿಡಿದಂಥ ನಿರಂತರ ಚಟಪಟ. ಹೊಸಬರು ಇದನ್ನು ಯಂತ್ರದ ದೋಷವೆಂದು ತಿಳಿಯುತ್ತಾರೆ. ಅದು ಚಿಟಿಕೆ ಹೊಡೆಯುವ ಸಿಗಡಿ. ಬೆರಳುದ್ದದ ಈ ಜೀವಿ ತನ್ನ ದೊಡ್ಡ ಕೊಂಡಿಯನ್ನು ಮುಚ್ಚುವ ರಭಸಕ್ಕೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟುತ್ತದೆ. ಸದ್ದು ಬರುವುದು ಕೊಂಡಿ ತಾಗುವುದರಿಂದಲ್ಲ, ಆ ಗುಳ್ಳೆ ಕುಸಿಯುವುದರಿಂದ ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಚಟಪಟ ಹೆಚ್ಚಿರುವ ಕಡೆ ಕಲ್ಲು, ಹವಳ ಅಥವಾ ಚಿಪ್ಪಿನ ದಿಬ್ಬ ಇರುವ ಸಂಭವ ಹೆಚ್ಚು. ಹೀಗೆ ಜೀವಿಗಳ ದನಿಯೇ ತಳದ ಸುದ್ದಿಯನ್ನೂ ಹೇಳುತ್ತದೆ. ಮುರುಡೇಶ್ವರದಾಚೆಯ ನೇತ್ರಾಣಿಯಂಥ ಹವಳದ ಜಾಗಕ್ಕೂ ಪಕ್ಕದ ಕೆಸರು ತಳಕ್ಕೂ ಇರುವ ವ್ಯತ್ಯಾಸವನ್ನು ಎಕೋಸೌಂಡರಿನಲ್ಲೂ ಹೈಡ್ರೋಫೋನಿನಲ್ಲೂ ಬೇರೆಬೇರೆಯಾಗಿ ಅಳೆದು ತಾಳೆ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಮೊದಲ ಯೋಜನೆಯಾದೀತು.

ಸೂರ್ಯ ಮುಳುಗಿದ ಮೇಲೆ ಕೆಳಗಿನ ಆವೃತ್ತಿಯಲ್ಲಿ ಗೊರಗೊರ, ಡೋಲು ತಟ್ಟಿದಂಥ ಸದ್ದುಗಳು ಏರುತ್ತ ಬಂದು ಒಂದರೊಳಗೊಂದು ಬೆರೆತು ಗೋಡೆಯಂತಾಗುತ್ತವೆ. ಗೊರಕೆಮೀನುಗಳ ಕುಟುಂಬಕ್ಕೆ ಸೇರಿದ ಕಲ್ಲೂರು ಮೊದಲಾದವು ಗಾಳಿಚೀಲದ ಸುತ್ತಲಿನ ಸ್ನಾಯುವನ್ನು ಅದುರಿಸಿ ಇಂಥ ದನಿ ಹೊರಡಿಸುತ್ತವೆ. ಗೋವಾದ ಗ್ರಾಂಡೆ ದ್ವೀಪದ ಬಳಿ ಟೆರಾಪಾನ್ ಕುಲದ ಮೀನುಗಳ ಮೇಳವನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಗೋವಾ ತೀರದಲ್ಲಿಯೇ ಗೂನುಬೆನ್ನಿನ ತಿಮಿಂಗಿಲದ ಹಾಡೂ ಸಿಕ್ಕಿದೆ. ಅರಬ್ಬೀ ಸಮುದ್ರದ ಈ ತಿಮಿಂಗಿಲಗಳು ಉಳಿದವುಗಳಂತೆ ಧ್ರುವದತ್ತ ವಲಸೆ ಹೋಗದೆ ವರ್ಷವಿಡೀ ಇಲ್ಲಿಯೇ ಉಳಿಯುವುದರಿಂದ ಅವುಗಳ ಒಂದೊಂದು ದಾಖಲೆಯೂ ಅಮೂಲ್ಯ.

ಜೀವಿಯದಲ್ಲದ ಸದ್ದುಗಳನ್ನೂ ಗುರುತಿಸಲು ಕಲಿಯಬೇಕು. ತುಂತುರು ಮಳೆ 15 ಕಿಲೋಹರ್ಟ್ಜ್‌ನ ಆಸುಪಾಸಿನಲ್ಲಿ ಉಬ್ಬಿದಂತೆ ಕಾಣುತ್ತದೆ, ಜಡಿಮಳೆ ಎಲ್ಲ ಆವೃತ್ತಿಗಳಲ್ಲೂ ಹರಡಿಕೊಳ್ಳುತ್ತದೆ. ದೋಣಿಯ ಎಂಜಿನ್ ಸಮಾನ ಅಂತರದ ಅಡ್ಡಗೆರೆಗಳ ಏಣಿಯಾಗಿ ಕಾಣುತ್ತದೆ. ದೋಣಿ ಹತ್ತಿರ ಬಂದು ದೂರ ಹೋಗುವಾಗ ಮಾರ್ಗದ ವ್ಯತ್ಯಾಸದಿಂದ ಬಿಲ್ಲಿನಾಕಾರದ ಪಟ್ಟೆಗಳೂ ಮೂಡುತ್ತವೆ. ದೋಣಿಯ ಈ ಗುರುತುಗಳನ್ನು ಬೇರ್ಪಡಿಸದೆ ಮಾಡಿದ ಎಣಿಕೆಯಲ್ಲಿ ದೋಣಿಗಳೂ ಮೀನಾಗಿ ಸೇರಿಕೊಂಡಿರುತ್ತವೆ.

ಡೆಸಿಬೆಲ್ ಸಂಖ್ಯೆಗಳ ಬಗ್ಗೆ ಎಚ್ಚರಿಕೆ ಅಗತ್ಯ. ಗಾಳಿಯಲ್ಲಿ 20 ಮೈಕ್ರೋಪಾಸ್ಕಲ್, ನೀರಿನಲ್ಲಿ 1 ಮೈಕ್ರೋಪಾಸ್ಕಲ್ ಒತ್ತಡ ಅಳತೆಯ ಆಧಾರ. ಜೊತೆಗೆ ನೀರಿನ ಸಾಂದ್ರತೆಯೂ ಶಬ್ದವೇಗವೂ ಹೆಚ್ಚು. ಈ ಎರಡು ಕಾರಣಗಳಿಂದ ಒಂದೇ ತೀವ್ರತೆಯ ಶಬ್ದಕ್ಕೆ ನೀರಿನಲ್ಲಿ ಸುಮಾರು 62 ಡೆಸಿಬೆಲ್ ಹೆಚ್ಚಿನ ಸಂಖ್ಯೆ ಬರುತ್ತದೆ. "ತಿಮಿಂಗಿಲದ ಕೂಗು ವಿಮಾನದ ಸದ್ದಿಗಿಂತ ಜೋರು" ಎಂಬ ಬಗೆಯ ವಾಕ್ಯಗಳು ಹುಟ್ಟಿಕೊಳ್ಳುವುದು ಈ ಲೆಕ್ಕವನ್ನು ಕಳೆಯದೆ ಹೋಲಿಸುವುದರಿಂದ.

ಪ್ರತಿ ಕಡತದ ಹೆಸರಿನಲ್ಲಿ ಸ್ಥಳ, ದಿನಾಂಕ, ಸಮಯ ಇರಲಿ. ಜೊತೆಯ ಪುಸ್ತಕದಲ್ಲಿ ಆಳ, ತಳದ ಬಗೆ, ನೀರಿನ ಬಿಸಿ, ಲವಣಾಂಶ, ಗಾಳಿ, ಚಂದ್ರನ ತಿಥಿ, ಸುತ್ತ ಕಂಡ ದೋಣಿಗಳ ಸಂಖ್ಯೆ ಇರಲಿ. ಮೂಲ ಕಡತವನ್ನು ಎಂದೂ ತಿದ್ದದೆ ಎರಡು ಪ್ರತ್ಯೇಕ ಡಿಸ್ಕ್‌ಗಳಲ್ಲಿ ಕಾಪಾಡಿ, ವಿಶ್ಲೇಷಣೆಗೆ ನಕಲನ್ನು ಬಳಸಿ. ಯಾವ ಜೀವಿಯದೆಂದು ತಿಳಿಯದ ದನಿ ಸಿಕ್ಕಾಗ ಹತ್ತಿರದ ಹೆಸರೊಂದನ್ನು ಅಂಟಿಸಬೇಡಿ. "ತಿಳಿಯದ ದನಿ 1" ಎಂದು ಬರೆದು, ಅದರ ಆವೃತ್ತಿ, ಅವಧಿ, ಕೇಳಿದ ಹೊತ್ತು ನಮೂದಿಸಿ ಚಿಕ್ಕ ತುಣುಕಾಗಿ ಎತ್ತಿಡಿ. ಅದೇ ಜಾಗದಲ್ಲಿ ಬಲೆ ಹಾಕುವವರಿಗೆ ಅದನ್ನು ಕೇಳಿಸಿ, ಆ ವಾರ ಅವರ ಬಲೆಗೆ ಯಾವ ಮೀನು ಬಿತ್ತೆಂದು ವಿಚಾರಿಸಿ ಪಕ್ಕದಲ್ಲೇ ಬರೆದುಕೊಳ್ಳಿ.